ಬಣ್ಣದಕ್ಕನ ಸುಳ್ಳು ಟಿಪ್ಪಣಿ

ಬೆಳಿಗ್ಗೆ ಒಂಬತ್ತೂವರೆಗೆ ಅವಳು ಆಫೀಸಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ, ಅವಳ ಕುರ್ಚಿಯಲ್ಲಿ ಒಬ್ಬ ಅಪರಿಚಿತ ಕೂತಿದ್ದ.

ಕೂತಿದ್ದಷ್ಟೇ ಅಲ್ಲ. ಅವಳ ಕಂಪ್ಯೂಟರಿನಲ್ಲಿ ಅವಳದೇ ಫೈಲು ತೆರೆದುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬೇರೆಯವರ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುವವನಂತೆ ಒಂದೊಂದು ಸಾಲನ್ನೂ ಇಣುಕಿ ನೋಡುತ್ತಿದ್ದ.

ತಲೆ ಎತ್ತದೆಯೇ ಕೇಳಿದ.

"ಈ ಹಳದಿ ಯಾಕೆ?"

"ಮೊದಲು ನನ್ನ ಕುರ್ಚಿಯಿಂದ ಏಳಿ. ಹಳದಿ ವಿಷಯ ಆಮೇಲೆ ಮಾತಾಡೋಣ."

ಅವನು ಗಡಬಡಿಸಿ ಎದ್ದ. ಕನ್ನಡಕ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಮೇಜಿನ ಅಂಚಿಗೆ ತಲೆ ಬಡಿಸಿಕೊಂಡ. ಅವಳಿಗೆ ನಗು ಉಕ್ಕಿ ಬಂತು... ಆದರೆ ನುಂಗಿಕೊಂಡಳು. ನಗುವುದಕ್ಕಿಂತ ಮೊದಲೇ ಎದೆಯೊಳಗೆ ಒಂದು ಅನುಮಾನ ಬಂದು ಕೂತಾಗಿತ್ತು.

ಯಾರಿವನು? ನನ್ನ ಫೈಲಿನಲ್ಲಿ ಇವನಿಗೇನು ಕೆಲಸ?

ಅದು ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆಫೀಸು. ಯಾವ ಡಾಕ್ಟರು, ಯಾವ ದಿನ, ಎಷ್ಟು ಗಂಟೆಗೆ ಎಂದು ರೋಗಿಗಳು ಮನೆಯಲ್ಲೇ ಕೂತು ಗೊತ್ತುಮಾಡಿಕೊಳ್ಳುವ ಪುಟಗಳು. ಆ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಟನ್‌ಗೆ ಯಾವ ಬಣ್ಣ ಎಂದು ಕಂಪ್ಯೂಟರಿಗೆ ಹೇಳುವ ಫೈಲಿಗೆ ಸ್ಟೈಲ್‌ಶೀಟ್ ಎನ್ನುತ್ತಾರೆ. ಏಳು ವರ್ಷಗಳಿಂದ ಅದನ್ನು ಬರೆದವಳು ಅವಳೊಬ್ಬಳೇ. ಒಂಬತ್ತು ಸಾವಿರ ಸಾಲು. ಆಫೀಸಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು.

ಮ್ಯಾನೇಜರ್ ದೊಡ್ಡ ಮೇಡಂ ಬಂದು ಪರಿಚಯ ಮಾಡಿಸಿದರು. ಇವನು ಮೊದಲು ಶಾಲೆಯ ಪಠ್ಯಪುಸ್ತಕಗಳನ್ನು ತಿದ್ದುತ್ತಿದ್ದವನಂತೆ. ಇನ್ನು ಮೂರು ತಿಂಗಳು ಅವಳ ಪಕ್ಕದಲ್ಲಿ ಕೂತು, ಪ್ರತಿಯೊಂದು ನಿಯಮಕ್ಕೂ ಕಾರಣ ಕೇಳಿ, ಅದನ್ನು ಫೈಲಿನೊಳಗೇ ಟಿಪ್ಪಣಿಯಾಗಿ ಬರೆಯುತ್ತಾನಂತೆ.

ಪ್ರತಿಯೊಂದಕ್ಕೂ ಕಾರಣ... ಎಲ್ಲವೂ ಬರಹದಲ್ಲಿ...

ಬಣ್ಣದಕ್ಕ ಎದುರಿನ ಖಾಲಿ ಮೇಜಿನ ಕಡೆ ನೋಡಿದಳು.

ಹೋದ ವರ್ಷ ಹೀಗೇ ಒಬ್ಬರು ಬಂದು ಎದುರು ಮೇಜಿನ ಅಕ್ಷರದಣ್ಣನ ಪಕ್ಕ ಕೂತಿದ್ದರು. ಪುಟಗಳ ಅಕ್ಷರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯರು ಅವರು. ಬಂದವರು ಎರಡು ತಿಂಗಳು ಕೇಳಿ ಕೇಳಿ ಎಲ್ಲವನ್ನೂ ಬರೆದುಕೊಂಡರು. ಮೂರನೆಯ ತಿಂಗಳು ಅಕ್ಷರದಣ್ಣನಿಗೆ, ಇನ್ನು ನೀವು ಬರುವುದು ಬೇಡ ಎಂದು ಹೇಳಿಯಾಯಿತು. ಅವರ ಡ್ರಾಯರಿನ ಸಾಮಾನುಗಳನ್ನು ಕೆಳಗಿನವರೆಗೆ ಹೊತ್ತುಕೊಟ್ಟವಳು ಅವಳೇ. ಮೆಟ್ಟಿಲಿನ ಮೇಲೆ ಅವರು ನಿಂತು ಹೇಳಿದ್ದರು:

"ಎಲ್ಲಾ ಬರೆದುಕೊಟ್ಟೆ ಕಣಮ್ಮ. ನೀನು ಆ ತಪ್ಪು ಮಾಡಬೇಡ."

ಮನೆಯಲ್ಲಿ ಅಮ್ಮ ಒಬ್ಬಳೇ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಗಬೇಕಿತ್ತು. ಈ ಕೆಲಸ ಹೋದರೆ? ಯೋಚನೆ ಅಲ್ಲಿಗೇ ನಿಂತುಬಿಡುತ್ತಿತ್ತು. ಅದರಾಚೆಗೆ ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ.

*

ಅವನಿಗೆ ಆಫೀಸಿನವರು ಎರಡೇ ದಿನದಲ್ಲಿ ಟಿಪ್ಪಣಿ ಮೇಷ್ಟ್ರು ಎಂದು ಹೆಸರಿಟ್ಟರು.

ಮೇಷ್ಟ್ರು ತಾಳ್ಮೆಯಿಂದ ವಿವರಿಸಿದ. ಸ್ಟೈಲ್‌ಶೀಟಿನಲ್ಲಿ ಒಂದು ಓರೆಗೆರೆ, ಒಂದು ನಕ್ಷತ್ರ ಹಾಕಿ ಏನು ಬರೆದರೂ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಟಿ ಹೋಗುತ್ತದೆ. ಅದು ಮನುಷ್ಯರು ಮನುಷ್ಯರಿಗೆ ಬರೆಯುವ ಜಾಗ. ಎರಡು ನಕ್ಷತ್ರ ಹಾಕಿದ ಟಿಪ್ಪಣಿಗಳನ್ನು ಮಾತ್ರ ಒಂದು ಪುಟ್ಟ ಪ್ರೋಗ್ರಾಂ ಆರಿಸಿಕೊಂಡು ಎಲ್ಲರೂ ಓದುವ ಕೈಪಿಡಿ ಮಾಡುತ್ತದೆ. ಒಂದೇ ನಕ್ಷತ್ರದವು ಫೈಲಿನೊಳಗೇ ಉಳಿಯುತ್ತವೆ.

ಇದನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆದರೆ ಆಗದೇ ಎಂದು ಅವಳು ಕೇಳಿದಳು.

"ನಿಯಮ ಬದಲಾದ ದಿನ ಪುಸ್ತಕ ಹಳೇದಾಗುತ್ತೆ. ಪಠ್ಯಪುಸ್ತಕದ ಕೆಲಸದಲ್ಲಿ ಅದನ್ನು ನೋಡಿ ನೋಡಿ ಸಾಕಾಗಿದೆ ನನಗೆ. ಹೇಳೋ ಮಾತು, ಮಾಡೋ ಕೆಲಸ ಎರಡೂ ಒಂದೇ ಕಡೆ ಇರಬೇಕು."

ಮಾತು ಚೆನ್ನಾಗಿದೆ, ಎಂದುಕೊಂಡಳು ಅವಳು. ಚೆನ್ನಾಗಿ ಮಾತಾಡುವವರನ್ನೇ ಇಂಥ ಕೆಲಸಕ್ಕೆ ಕಳಿಸುತ್ತಾರೆ.

ಅವಳು ಕಾರಣಗಳನ್ನು ಕೊಡಲೇ ಇಲ್ಲ. ಈ ಅಂಚು ಯಾಕೆ ಎಂದರೆ ಮರೆತಿದೆ ಎಂದಳು. ಈ ಅಂತರ ಯಾಕೆ ಎಂದರೆ ಸುಮ್ಮನೆ ಎಂದಳು. ಹಳದಿ ಯಾಕೆ ಎಂದರೆ ನನಗಿಷ್ಟ ಎಂದಳು. ಅವನು ಒಂದು ಸಲವೂ ಮುಖ ಗಂಟು ಹಾಕಲಿಲ್ಲ. ಪ್ರತಿ ನಿಯಮದ ಮೇಲೂ ಅಚ್ಚುಕಟ್ಟಾಗಿ ಬರೆದ: ಕಾರಣ ತಿಳಿದಿಲ್ಲ.

"ಏನಾದರೂ ಊಹಿಸಿ ಬರೀಬಹುದಲ್ಲ?" ಎಂದು ಕೊಂಕು ತೆಗೆದಳು.

"ಇಲ್ಲದ ಕಾರಣ ಬರೆಯೋದಕ್ಕಿಂತ ಗೊತ್ತಿಲ್ಲ ಅನ್ನೋದೇ ವಾಸಿ. ನಾಳೆ ಯಾರೋ ಇದನ್ನ ನಂಬಿ ಕೆಲಸ ಮಾಡ್ತಾರೆ."

ಹತ್ತನೆಯ ದಿನ ಫೈಲು ತೆರೆದು ಅವಳು ಎಣಿಸಿದಳು. ತೊಂಬತ್ತು ಕಡೆ ಕಾರಣ ತಿಳಿದಿಲ್ಲ. ತನ್ನ ಏಳು ವರ್ಷದ ಕೆಲಸ ಯಾರೋ ಅರೆನಿದ್ದೆಯಲ್ಲಿ ಮಾಡಿದ್ದರಂತೆ ಕಂಡಿತು. ಅವಳಿಗೆ ಸಹಿಸಲಾಗಲಿಲ್ಲ.

"ಹಳದಿ ನನಗಿಷ್ಟ ಅಂತ ಅಲ್ಲ," ಎಂದಳು ಅವತ್ತು ಮಧ್ಯಾಹ್ನ, ಅವನ ಕಡೆ ನೋಡದೆ.

ಮೊದಲು ಡಾಕ್ಟರ ಸಮಯ ಗೊತ್ತುಮಾಡುವ ಆ ಬಟನ್ ತಿಳಿನೀಲಿ ಇತ್ತು. ಪೊರೆ ಬಂದ ಅಮ್ಮನ ಕಣ್ಣಿಗೆ ಅದೂ ಒಂದೇ, ಬಿಳಿ ಗೋಡೆಯೂ ಒಂದೇ. ಎಲ್ಲಿ ಒತ್ತಬೇಕು ಮಗಳೇ ಎಂದು ಅಮ್ಮ ಪರದೆಯ ಮೇಲೆಲ್ಲ ಬೆರಳಾಡಿಸಿದ್ದಳು. ಆಮೇಲೆ ಹದಿನೇಳು ಬಣ್ಣ ಬದಲಿಸಿ, ಒಂದೊಂದನ್ನೂ ಅಮ್ಮನಿಗೆ ತೋರಿಸಿ, ಕೊನೆಗೆ ನಿಂತದ್ದು ಈ ಗಾಢ ಹಳದಿ, ಅದರ ಮೇಲೆ ಕಪ್ಪು ಅಕ್ಷರ.

ಅವನು ಬರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ ಟೈಪ್ ಮಾಡಿದ:

ಕಣ್ಣು ಮಂಜಾದವರಿಗೂ ಕಾಣಲಿ ಎಂದು ಈ ಬಣ್ಣ. ಬರೆದವರ ತಾಯಿ ತಾವೇ ನೋಡಿ ಒಪ್ಪಿದ್ದಾರೆ. ಅವರಿಗಿಂತ ಚೆನ್ನಾಗಿ ಕಾಣುವವರು ದಯವಿಟ್ಟು ಬದಲಿಸಬೇಡಿ.

ಅವಳು ಅದನ್ನು ಮೂರು ಸಲ ಓದಿದಳು. ಏಳು ವರ್ಷದಲ್ಲಿ ಆ ಹಳದಿಯನ್ನು ಟ್ಯಾಕ್ಸಿ ಬಣ್ಣ ಎಂದು ಗೇಲಿ ಮಾಡಿದವರಿದ್ದರು. ಯಾಕೆ ಎಂದು ಕೇಳಿದವನು ಇವನೊಬ್ಬನೇ.

ಅಂದಿನಿಂದ ಅವಳು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಟೀ ಆರಿಹೋಗುತ್ತಿತ್ತು. ಮೇಷ್ಟ್ರು ತನ್ನ ಲೋಟವನ್ನೂ ಮರೆತು ಕೂತಿರುತ್ತಿದ್ದ. ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಅವನು ಕೇಳಿದ ಪ್ರಶ್ನೆಗಳೇ ನೆನಪಿಗೆ ಬರುತ್ತಿದ್ದವು. ತನಗೇ ಗೊತ್ತಿಲ್ಲದೆ ನಗುತ್ತಿದ್ದಳು... ಮರುಕ್ಷಣವೇ ಅಕ್ಷರದಣ್ಣ ನೆನಪಾಗಿ ನಗು ನಿಲ್ಲುತ್ತಿತ್ತು.

ಪಕ್ಕದ ಮೇಜಿನವಳು, ಪುಟಗಳನ್ನೆಲ್ಲ ಒತ್ತಿ ನೋಡಿ ತಪ್ಪು ಹುಡುಕುವ ಗೆಳತಿ, ಒಂದು ದಿನ ಕಣ್ಣು ಮಿಟುಕಿಸಿದಳು.

"ಊರೆಲ್ಲಾ ನಿನ್ನ ಬಣ್ಣದಕ್ಕ ಅನ್ನುತ್ತೆ. ಮೇಷ್ಟ್ರು ಮಾತ್ರ ಒಂದು ದಿನಾನೂ ಅಕ್ಕ ಅನ್ನಲಿಲ್ಲ. ಗಮನಿಸಿದ್ಯಾ?"

"ಗಮನಿಸದೆ ಏನು? ಕೆಲಸದಿಂದ ಕಿತ್ತುಹಾಕೋಕೆ ಬಂದವರು ಸಂಬಂಧ ಬೆಳೆಸ್ತಾರಾ?"

ಗೆಳತಿ ಹಣೆ ಚಚ್ಚಿಕೊಂಡಳು.

*

ಮುಂದಿನ ವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಬೇಡಿ ಬೇಡಿ ಸಿಕ್ಕಿದ್ದು ಅರ್ಧ ದಿನದ ರಜೆ. ಆಪರೇಷನ್‌ಗೆಂದು ಹದಿನೈದು ದಿನ ರಜೆ ಕೇಳಿದ ಪತ್ರವನ್ನು ದೊಡ್ಡ ಮೇಡಂ ಮೂರು ಸಲ ತಳ್ಳಿಹಾಕಿದ್ದರು. ನೀನಿಲ್ಲದೆ ಇಲ್ಲಿ ಒಂದು ದಿನವೂ ನಡೆಯುವುದಿಲ್ಲ ಎಂಬ ಒಂದೇ ಉತ್ತರ.

ಸರದಿಯಲ್ಲಿ ಅಮ್ಮನ ಮುಂದೆ ಇಬ್ಬರೇ ಇದ್ದಾಗ ಫೋನ್ ಬಂತು. ಯಾವುದೋ ಪುಟದಲ್ಲಿ ದಿನಾಂಕದ ಪಟ್ಟಿ ಓರೆಯಾಗಿದೆ, ಯಾವ ಸಾಲು ಮುಟ್ಟಬೇಕೆಂದು ಯಾರಿಗೂ ತಿಳಿಯುತ್ತಿಲ್ಲ. ಅವಳು ಕಾರಿಡಾರಿನ ಮೂಲೆಗೆ ಹೋಗಿ, ಒಂದು ಕಿವಿ ಮುಚ್ಚಿಕೊಂಡು, ಇಪ್ಪತ್ತು ನಿಮಿಷ ಒಂದೊಂದೇ ಸಾಲು ಹೇಳಿದಳು. ಫೋನ್ ಇಡುವ ಮೊದಲೇ ಅಮ್ಮ ಗೋಡೆ ಸವರಿಕೊಂಡು ಅವಳನ್ನು ಹುಡುಕುತ್ತಾ ಬಂದಿದ್ದಳು.

"ನಮ್ಮ ಸರದಿ ಹೋಯ್ತು ಮಗಳೇ. ಪರವಾಗಿಲ್ಲ ಬಿಡು, ನಾನೇನು ಸೂಜಿಗೆ ದಾರ ಪೋಣಿಸಬೇಕಾ..."

ಮರುದಿನದಿಂದ ಮೇಷ್ಟ್ರು ಬದಲಾಗಿಬಿಟ್ಟ.

ಬೆಳಿಗ್ಗೆ ಅವಳಿಗಿಂತ ಮೊದಲೇ ಬಂದು ಕೂತಿರುತ್ತಿದ್ದ. ದಿನಕ್ಕೆ ಹತ್ತು ನಿಯಮ ಕೇಳುತ್ತಿದ್ದವನು ಮೂವತ್ತು ಕೇಳತೊಡಗಿದ. ಇದನ್ನು ಬೇರೆಯವರು ಮಾಡಬಹುದೇ, ಕಲಿಯಲು ಎಷ್ಟು ದಿನ ಬೇಕು, ನೀವೇ ಇರಬೇಕಾದದ್ದು ಯಾವುದಕ್ಕೆ... ಎರಡು ಸಲ ದೊಡ್ಡ ಮೇಡಂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದ. ಏನು ವಿಷಯ ಎಂದು ಕೇಳಿದರೆ ಏನಿಲ್ಲ ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕಿವಿ ಕೆಂಪಾಯಿತು.

ಅವಳ ಅನುಮಾನ ಮತ್ತೆ ಹೆಡೆ ಎತ್ತಿತು.

ಗುರುವಾರ ಮಧ್ಯಾಹ್ನ ಅವನು ಊಟಕ್ಕೆ ಹೋಗಿದ್ದಾಗ ಅವಳು ಫೈಲಿನ ಉದ್ದಕ್ಕೂ ಹುಡುಕಿದಳು. ಸಿಕ್ಕಿತು. ಅವನ ಪ್ರತಿ ಟಿಪ್ಪಣಿಯ ಕೆಳಗೆ, ಕೈಪಿಡಿಯಲ್ಲಿ ಕಾಣಿಸದ ಹಾಗೆ ಒಂದೇ ನಕ್ಷತ್ರ ಹಾಕಿ, ಒಂದು ಪುಟ್ಟ ಸಾಲು:

ಇವರಿಲ್ಲದೆ ಮಾಡಬಹುದು.

ಇನ್ನೊಂದರ ಕೆಳಗೆ, ಇವರಿಲ್ಲದೆ ಮಾಡಬಹುದು. ಮತ್ತೊಂದರ ಕೆಳಗೂ ಅದೇ. ಹಳದಿ ಬಟನ್ನಿನ ಆ ಚಂದದ ಟಿಪ್ಪಣಿಯ ಕೆಳಗೂ ಅದೇ!

ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂದು ಫೈಲೇ ನೆನಪಿಟ್ಟುಕೊಳ್ಳುತ್ತದೆ. ಅವಳು ನೋಡಿದಳು. ಎಲ್ಲ ಸಾಲುಗಳ ಪಕ್ಕದಲ್ಲೂ ಅವನದೇ ಗುರುತು. ಒಟ್ಟು ಇನ್ನೂರ ಹನ್ನೆರಡು ಕಡೆ ಅವಳು ಬೇಕಾಗಿಲ್ಲ.

ಅವಳು ಅಳಲಿಲ್ಲ. ಅಮ್ಮನ ಕಥೆಯನ್ನೂ ಕೇಳಿಸಿಕೊಂಡು, ಅದರ ಕೆಳಗೇ ಇದನ್ನು ಬರೆದನಲ್ಲ... ಎಂದುಕೊಂಡಾಗ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅವಳ ಕೈ ಒಂದು ಕೆಲಸ ಮಾಡಿಬಿಟ್ಟಿತು.

ಫೈಲಿನ ಕೊನೆಯಲ್ಲಿ ಒಂದು ನಿಯಮವಿತ್ತು. ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ಚೀಟಿಯನ್ನು ಮುದ್ರಿಸುವಾಗ ಕೊಠಡಿ ಸಂಖ್ಯೆಯನ್ನು ಕಪ್ಪು ಅಕ್ಷರ ಮಾಡುವುದು ಅದರ ಕೆಲಸ. ಪರದೆಯ ಮೇಲೆ ಆ ಸಂಖ್ಯೆ ನೀಲಿ ಪಟ್ಟಿಯ ಮೇಲೆ ಬಿಳಿಯಾಗಿರುತ್ತದೆ. ಪ್ರಿಂಟರು ಹಿನ್ನೆಲೆಯ ನೀಲಿಯನ್ನು ಬಿಟ್ಟುಬಿಡುತ್ತದೆ. ಈ ನಿಯಮವಿಲ್ಲದಿದ್ದರೆ ಬಿಳಿ ಕಾಗದದ ಮೇಲೆ ಬಿಳಿ ಸಂಖ್ಯೆ.

ಅದರ ಮೇಲೆ ಎರಡು ನಕ್ಷತ್ರ ಹಾಕಿ ಅವಳು ಬರೆದಳು: ಈಗ ಎಲ್ಲೂ ಬಳಕೆಯಲ್ಲಿಲ್ಲ. ತೆಗೆಯಬಹುದು.

ನಿಯಮ ತಪ್ಪಾದರೆ ಕಂಪ್ಯೂಟರ್ ಎಲ್ಲೋ ಒಂದು ಕಡೆ ಎಡವಿ ತೋರಿಸಿಕೊಡುತ್ತದೆ. ಟಿಪ್ಪಣಿಯಲ್ಲಿನ ಸುಳ್ಳನ್ನು ಅದು ಓದುವುದೇ ಇಲ್ಲ.

ಇವರಿಲ್ಲದೆ ಮಾಡಬಹುದಂತೆ. ಮಾಡಿ ನೋಡಲಿ.

*

ಶುಕ್ರವಾರ ಎರಡು ಸಲ ಅದನ್ನು ಅಳಿಸಲು ಹೋದಳು. ಎರಡು ಸಲವೂ ಮೇಷ್ಟ್ರು ಪಕ್ಕದಲ್ಲಿದ್ದ. ಸೋಮವಾರ ಅಳಿಸಿದರಾಯಿತು ಎಂದುಕೊಂಡಳು. ಆದರೆ ಸೋಮವಾರ ಅವಳು ಬರುವಷ್ಟರಲ್ಲಿ ಫೈಲಿಗೆ ಕೈಹಾಕಲು ಅನುಮತಿಯಿದ್ದ ಆಸ್ಪತ್ರೆಯ ಕಡೆಯ ತಂತ್ರಜ್ಞರು ಕೈಪಿಡಿ ಓದಿ, ಬಳಕೆಯಲ್ಲಿಲ್ಲದ್ದನ್ನೆಲ್ಲ ಕಸ ಗುಡಿಸಿದಂತೆ ಗುಡಿಸಿಹಾಕಿದ್ದರು.

ಹನ್ನೊಂದು ಗಂಟೆಗೆ ಫೋನುಗಳು ಶುರುವಾದವು. ಚೀಟಿಯಲ್ಲಿ ಕೊಠಡಿ ಸಂಖ್ಯೆಯೇ ಇಲ್ಲ. ವಯಸ್ಸಾದವರು ಖಾಲಿ ಚೀಟಿ ಹಿಡಿದು ಮಹಡಿಯಿಂದ ಮಹಡಿಗೆ ಅಲೆಯುತ್ತಿದ್ದಾರೆ. ಒಬ್ಬ ಅಜ್ಜಿ, ತನ್ನ ಕಣ್ಣೇ ಪೂರ್ತಿ ಹೋಯಿತೆಂದುಕೊಂಡು ರಿಸೆಪ್ಷನ್ ಎದುರು ಕೂತು ಅತ್ತರಂತೆ.

ಬಣ್ಣದಕ್ಕ ತಕ್ಷಣ ಫೈಲು ತೆರೆದಳು. ನಿಯಮವನ್ನು ವಾಪಸು ಹಾಕಿದಳು. ಐದು ನಿಮಿಷದಲ್ಲಿ ಚೀಟಿ ಸರಿಹೋಯಿತು. ಆ ಅಜ್ಜಿ ಮಾತ್ರ ಅವಳ ಕಣ್ಣ ಮುಂದಿನಿಂದ ಏಳಲಿಲ್ಲ. ನೋಡಿರದ ಆ ಅಜ್ಜಿಗೆ ಅವಳ ಮನಸ್ಸು ಕೊಟ್ಟದ್ದು ಅಮ್ಮನ ಮುಖ.

ದೊಡ್ಡ ಮೇಡಂ ಎಲ್ಲರನ್ನೂ ಕೋಣೆಗೆ ಕರೆದರು. ಕೈಪಿಡಿಯ ಹೊಣೆ ಯಾರದು ಎಂದು ಕೇಳಿದರು.

ಮೇಷ್ಟ್ರು ಎದ್ದು ನಿಂತ. "ನನ್ನದು. ಆ ಟಿಪ್ಪಣಿಯನ್ನ ನಾನು ಪರೀಕ್ಷಿಸಬೇಕಿತ್ತು."

ಹಾಗಾದರೆ ಈ ಕೆಲಸ ಇಲ್ಲಿಗೇ ನಿಲ್ಲಲಿ, ನಾಳೆಯಿಂದ ನೀನು ಬರುವುದು ಬೇಡ ಎಂದರು ಮೇಡಂ. ಅವನು ತಲೆಯಾಡಿಸಿದ. ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

ಅವನಿಗೆ ಗೊತ್ತು! ಫೈಲು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಆ ಸಾಲಿನ ಪಕ್ಕ ನನ್ನ ಗುರುತಿರುವುದನ್ನು ನೋಡಿಯೇ ಬಂದಿದ್ದಾನೆ. ಮತ್ತೆ ಯಾಕೆ? ಇದರಲ್ಲೂ ಏನಾದರೂ ಲೆಕ್ಕಾಚಾರ ಇದೆಯೇ?

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳ ಕೆಲಸ ಉಳಿಯುತ್ತಿತ್ತು, ಆ ಸಾಲುಗಳನ್ನು ಬರೆದವನು ಹೋಗುತ್ತಿದ್ದ. ಅವಳು ಬಯಸಿದ್ದೂ ಅದನ್ನೇ ತಾನೇ?

ಅವಳು ಎದ್ದು ನಿಂತಳು.

"ಆ ಟಿಪ್ಪಣಿ ಅವರದಲ್ಲ ಮೇಡಂ. ನಾನು ಬರೆದದ್ದು. ಸುಳ್ಳು ಅಂತ ಗೊತ್ತಿದ್ದೇ ಬರೆದೆ."

ಮೇಡಂ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಮೂವರೇ ಉಳಿದ ಮೇಲೆ, ಯಾಕೆ ಎಂದು ಕೇಳಿದರು.

ಅವಳು ಹೇಳಿದಳು. ಅಕ್ಷರದಣ್ಣನಿಂದ ಹಿಡಿದು ಇನ್ನೂರ ಹನ್ನೆರಡು ಸಾಲಿನವರೆಗೆ, ಒಂದನ್ನೂ ಬಿಡದೆ.

ಮೇಡಂ ನಿಟ್ಟುಸಿರಿಟ್ಟು ಮೇಷ್ಟ್ರ ಕಡೆ ತಿರುಗಿದರು. "ಇವಳಿಗೆ ನೀನು ಹೇಳೇ ಇಲ್ವಾ?"

"ರಜೆ ಸಿಗುತ್ತೋ ಇಲ್ವೋ ಗೊತ್ತಿರಲಿಲ್ಲ. ಸುಮ್ಮನೆ ಆಸೆ ಹುಟ್ಟಿಸೋದು ಬೇಡ ಅಂತ..."

ಮೇಡಂ ಡ್ರಾಯರಿನಿಂದ ಒಂದು ಕಾಗದದ ಕಂತೆ ತೆಗೆದು ಅವಳ ಮುಂದೆ ಇಟ್ಟರು. ಮೇಲಿದ್ದದ್ದು ಅವಳದೇ ರಜೆಯ ಪತ್ರ, ಮೂರು ಸಲ ತಳ್ಳಿಹಾಕಿದ್ದು. ಅದಕ್ಕೆ ಪಿನ್ನು ಹಾಕಿ ಸೇರಿಸಿದ್ದು ಆ ಇನ್ನೂರ ಹನ್ನೆರಡರ ಪಟ್ಟಿ. ತುದಿಯಲ್ಲಿ ಅವನ ಕೈಬರಹ: ಇಷ್ಟು ಕೆಲಸಗಳನ್ನು ಟಿಪ್ಪಣಿ ನೋಡಿಕೊಂಡು ಉಳಿದವರು ಮಾಡಬಹುದು. ಇವರನ್ನು ಹದಿನೈದು ದಿನ ತಾಯಿಯ ಆಪರೇಷನ್‌ಗೆ ಕಳಿಸಿಕೊಡಿ. ಆ ದಿನಗಳಲ್ಲಿ ಯಾರೂ ಫೋನ್ ಮಾಡುವುದು ಬೇಡ.

ಕಣ್ಣಿನ ಡಾಕ್ಟರ ಬಳಿ ಹೋದ ದಿನ ಆಫೀಸಿನವರು ಫೋನನ್ನು ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್‌ನಲ್ಲಿ ಇಟ್ಟಿದ್ದರಂತೆ. ನಮ್ಮ ಸರದಿ ಹೋಯ್ತು ಮಗಳೇ ಎಂದ ಅಮ್ಮನ ದನಿ ಆಫೀಸಿನಲ್ಲೂ ಕೇಳಿಸಿತ್ತು. ಮರುದಿನ ಮೇಷ್ಟ್ರು ಬಂದು ಈ ಪಟ್ಟಿಯ ಮಾತೆತ್ತಿದನಂತೆ.

ಅಕ್ಷರಗಳು ಮಂಜುಮಂಜಾದವು. ಈಗ ಅವಳು ಅತ್ತಳು.

ಮೇಡಂ ಇಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ಅವಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಆಸ್ಪತ್ರೆಗೆ ಹೋಗಿ ರಿಸೆಪ್ಷನ್‌ನವರಲ್ಲಿ ಖುದ್ದು ಕ್ಷಮೆ ಕೇಳಬೇಕೆಂದೂ ಆಯಿತು. ಮೇಷ್ಟ್ರಿಗೆ, ಕೆಲಸ ಮುಂದುವರಿಸು, ಆದರೆ ಇನ್ನು ಮುಂದೆ ಪ್ರತಿ ಟಿಪ್ಪಣಿಯನ್ನೂ ಎರಡನೆಯವರಿಂದ ಓದಿಸದೆ ಕೈಪಿಡಿಗೆ ಬಿಡಕೂಡದು ಎಂಬ ಕಟ್ಟಪ್ಪಣೆ. ಕೊನೆಗೆ ರಜೆಯ ಪತ್ರಕ್ಕೆ ಸಹಿ ಹಾಕುತ್ತಾ ಮೇಡಂ ಗೊಣಗಿದರು:

"ಹದಿನೈದು ದಿನ ಆ ಫೈಲ್ ಮುಟ್ಟಬೇಡ. ನಮಗೂ ಅದು ಕ್ಷೇಮ."

ಕಾರಿಡಾರಿನಲ್ಲಿ ಇಬ್ಬರೇ ಆದಾಗ ಅವಳು ಕೇಳಿದಳು, ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು.

"ನೀವು ಕಾರಣ ಇಲ್ಲದೆ ಒಂದು ಸಾಲೂ ಬರೆಯೋರಲ್ಲ. ಏನಿರಬಹುದು ಅಂತ ಬೆಳಿಗ್ಗೆಯಿಂದ ಯೋಚಿಸ್ತಾ ಇದ್ದೆ. ಆಮೇಲೆ ಹೊಳೀತು... ಕಾರಣ ನಾನೇ."

"ತಪ್ಪು ನಂದೇ. ಆದರೆ ನನ್ನ ಜೀವನದ ಪಟ್ಟಿ ಮಾಡೋವಾಗ ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಬೇಕಿತ್ತು," ಎಂದ ಅವನು. ಬೇರೆ ಸಮಜಾಯಿಷಿ ಕೊಡಲಿಲ್ಲ. ಅದೇ ಅವಳಿಗೆ ಹಿಡಿಸಿತು.

*

ಅಮ್ಮನ ಮೊದಲ ಕಣ್ಣಿನ ಆಪರೇಷನ್ ಆಗಿ ಮೂರನೆಯ ದಿನ. ಮನೆಯ ಮುಂದಿನ ಕೋಣೆಗೆ ಬೆಳಗಿನ ಬಿಸಿಲು ಬೀಳದಂತೆ ಪರದೆ ಎಳೆದಿತ್ತು. ಅಮ್ಮ ಒರಗು ಕುರ್ಚಿಯಲ್ಲಿ, ಕಣ್ಣಿನ ಮೇಲೆ ಬಿಳಿ ಪಟ್ಟಿ.

ಮೂರು ದಿನದಿಂದ ಫೋನ್ ಒಮ್ಮೆಯೂ ಬಡಿದುಕೊಂಡಿರಲಿಲ್ಲ. ಬಣ್ಣದಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೆಟ್ಟಿದೆಯೇ? ಇಲ್ಲ, ಸರಿಯಾಗಿಯೇ ಇತ್ತು. ಹಾಗಾದರೆ ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿರಬೇಕು...

ಬಾಗಿಲು ತಟ್ಟಿದ ಸದ್ದಾಯಿತು. ಹೊಸ್ತಿಲಾಚೆ ಮೇಷ್ಟ್ರು ನಿಂತಿದ್ದ. ಕೈ ಬರಿದು, ಹೆಗಲಲ್ಲಿ ಚೀಲವೂ ಇಲ್ಲ.

"ಏನು ಕೆಟ್ಟುಹೋಯ್ತು? ನಿಜ ಹೇಳಿ."

"ಏನೂ ಇಲ್ಲ. ಎಲ್ಲಾ ನಡೀತಿದೆ."

"ಮತ್ತೆ ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. ಒಂದು ಹೆಜ್ಜೆ ಹಿಂದಿಟ್ಟು, ಮತ್ತೆ ಮುಂದಿಟ್ಟ.

"ಆಫೀಸು ನೀವಿಲ್ಲದೆ ನಡೆಯುತ್ತೆ ಅಂತ ತೋರಿಸೋಕೆ ನನಗೆ ವಾರಗಟ್ಟಲೆ ಹಿಡೀತು. ನನಗೆ ನೀವಿಲ್ಲದೆ ನಡೆಯಲ್ಲ ಅಂತ ಗೊತ್ತಾಗೋಕೆ ಮೂರು ದಿನ ಸಾಕಾಯ್ತು. ಈ ಸಲ ಕೇಳಿಯೇ ಮುಂದುವರಿಯೋಣ ಅಂತ ಬಂದೆ."

ಅವಳು ಅವನ ಮುಖವನ್ನೇ ನೋಡಿದಳು. ಹಿಂದೆ ಏನಾದರೂ ಅಡಗಿದೆಯೇ ಎಂದು, ಅಭ್ಯಾಸದಂತೆ ಹುಡುಕಿದಳು. ಏನೂ ಸಿಗಲಿಲ್ಲ. ಇದ್ದದ್ದೆಲ್ಲ ಮುಖದ ಮೇಲೆಯೇ ಇತ್ತು.

ಒಳಗಿನಿಂದ ಅಮ್ಮನ ದನಿ ಬಂತು. "ಯಾರೇ ಅದು? ಆಫೀಸಿನವರಾ?"

ಅವಳು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತಳು.

"ಅಲ್ಲಮ್ಮ," ಎಂದಳು. "ನಮ್ಮವರು."

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡಳು.

"ಹಾಗಾದ್ರೆ ಹೊರಗೆ ಯಾಕೆ ನಿಲ್ಲಿಸಿದ್ದೀಯ? ಒಳಗೆ ಕರಿ."